ಪೊಳ್ಳು ಎತ್ತಿನೊಳಗಿನ ಕ್ಯಾಮೆರಾ

19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಕ್ಕಿಯನ್ನು ಅರಿಯುವುದೆಂದರೆ ಬಹುಮಟ್ಟಿಗೆ ಅದನ್ನು ಹೊಡೆದು ಕೈಗೆತ್ತಿಕೊಳ್ಳುವುದೇ ಆಗಿತ್ತು. ಪಕ್ಷಿಪ್ರಿಯರ ಮನೆಗಳ ಕಪಾಟುಗಳಲ್ಲಿ ಚರ್ಮ ಸುಲಿದು ಹತ್ತಿ ತುಂಬಿದ ಹಕ್ಕಿಗಳೂ ಒಳಗಿನದನ್ನು ಊದಿ ತೆಗೆದ ಮೊಟ್ಟೆಗಳೂ ಸಾಲುಗಟ್ಟಿರುತ್ತಿದ್ದವು. ಪ್ರಿಸಂ ಅಳವಡಿಸಿದ ಬೈನಾಕ್ಯುಲರನ್ನು ಜರ್ಮನಿಯ ಝೈಸ್ ಕಂಪನಿ ಮಾರುಕಟ್ಟೆಗೆ ತಂದದ್ದೇ 1894ರಲ್ಲಿ. ಅದಕ್ಕೂ ಮುಂಚೆ ದೂರದ ಹಕ್ಕಿಯನ್ನು ಹತ್ತಿರಕ್ಕೆ ತರಲು ಬಂದೂಕಿಗಿಂತ ಸುಲಭದ ದಾರಿ ಬಹಳ ಜನಕ್ಕೆ ಕಂಡಿರಲಿಲ್ಲ.

ಈ ರೂಢಿಯನ್ನು ಮುರಿದವರಲ್ಲಿ ಯಾರ್ಕ್‌ಷೈರಿನ ಥ್ವೇಟ್ ಎಂಬ ಹಳ್ಳಿಯ ಇಬ್ಬರು ಸಹೋದರರು ಮುಖ್ಯರು. ಅಣ್ಣ ರಿಚರ್ಡ್ ಕೀರ್ಟನ್, ತಮ್ಮ ಚೆರ್ರಿ ಕೀರ್ಟನ್. ಕುರಿ ಮೇಯುವ ಗುಡ್ಡಗಳ ನಡುವೆ ಬೆಳೆದ ಇಬ್ಬರಿಗೂ ಹಕ್ಕಿಗಳ ನಡೆನುಡಿ ಚೆನ್ನಾಗಿ ಗೊತ್ತಿತ್ತು. ಬಾಲ್ಯದಲ್ಲಿ ಸೊಂಟಕ್ಕೆ ಆದ ಪೆಟ್ಟಿನಿಂದ ರಿಚರ್ಡ್ ಜೀವನವಿಡೀ ಕುಂಟುತ್ತಲೇ ನಡೆದರು. ಮುಂದೆ ಇಬ್ಬರೂ ಲಂಡನ್ನಿನ ಕ್ಯಾಸೆಲ್ ಪ್ರಕಾಶನದಲ್ಲಿ ಕೆಲಸಕ್ಕೆ ಸೇರಿದರು. 1892ರ ಏಪ್ರಿಲ್‌ನಲ್ಲಿ, ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್ ಬಳಿ, ಮೊಟ್ಟೆಗಳಿದ್ದ ಸಾಂಗ್ ಥ್ರಷ್ ಹಕ್ಕಿಯ ಗೂಡೊಂದನ್ನು ಚೆರ್ರಿ ಕ್ಯಾಮೆರಾದಲ್ಲಿ ಸೆರೆಹಿಡಿದರು. ಗೂಡು ಇದ್ದಲ್ಲೇ ಇತ್ತು, ಮೊಟ್ಟೆಗಳೂ ಗೂಡಿನಲ್ಲೇ ಉಳಿದವು, ಆದರೂ ನೋಡಬೇಕಾದದ್ದೆಲ್ಲ ದಾಖಲಾಗಿತ್ತು. ರಿಚರ್ಡ್ ಬರೆದು ಚೆರ್ರಿ ಚಿತ್ರ ತೆಗೆದ ಬ್ರಿಟಿಷ್ ಹಕ್ಕಿಗೂಡುಗಳ ಪುಸ್ತಕ 1895ರಲ್ಲಿ ಹೊರಬಂತು. ಮೊದಲಿನಿಂದ ಕೊನೆಯವರೆಗೆ ಛಾಯಾಚಿತ್ರಗಳೇ ಇದ್ದ ಪ್ರಕೃತಿ ಪುಸ್ತಕಗಳಲ್ಲಿ ಅದೇ ಮೊದಲನೆಯದೆಂದು ಹೇಳುತ್ತಾರೆ.

ಗೂಡುಗಳಿಂದಲೇ ಹಕ್ಕಿ ಛಾಯಾಗ್ರಹಣ ಶುರುವಾದದ್ದಕ್ಕೆ ಕಾರಣವಿದೆ. ಅಂದಿನ ಗಾಜಿನ ಪ್ಲೇಟುಗಳು ಬೆಳಕಿಗೆ ನಿಧಾನವಾಗಿ ಸ್ಪಂದಿಸುತ್ತಿದ್ದವು. ಕ್ಯಾಮೆರಾ ಮರದ ದೊಡ್ಡ ಪೆಟ್ಟಿಗೆ, ಅದಕ್ಕೊಂದು ಮುಕ್ಕಾಲಿ. ಹಾರುವ ಹಕ್ಕಿಯ ಹಿಂದೆ ಅದನ್ನು ಹೊತ್ತು ಓಡುವಂತಿರಲಿಲ್ಲ. ಗೂಡಾದರೆ ಕದಲದು, ಅದರ ಒಡತಿ ಮರಳಿ ಬಂದೇ ಬರುತ್ತಾಳೆ. ಕಾಯುವ ಮನುಷ್ಯ ಮಾತ್ರ ಅವಳ ಕಣ್ಣಿಗೆ ಬೀಳಬಾರದು.

ಕೀರ್ಟನ್ ಸಹೋದರರ ನಿಜವಾದ ಕೊಡುಗೆ ಇರುವುದು ಇಲ್ಲೇ, ಈ ಅಡಗುವ ವಿದ್ಯೆಯಲ್ಲಿ. ದನಕರುಗಳ ಪಕ್ಕದಲ್ಲೇ ಹಕ್ಕಿಗಳು ನಿರ್ಭಯವಾಗಿ ಮೇಯುವುದನ್ನು ಕಂಡ ಅವರು, 1900ರ ಸುಮಾರಿಗೆ ಹಗುರವಾದ ಮರದ ಚೌಕಟ್ಟಿನ ಮೇಲೆ ಎತ್ತಿನ ಚರ್ಮ ಹೊದಿಸಿ ಪೊಳ್ಳು ಎತ್ತೊಂದನ್ನು ಮಾಡಿಸಿದರು. ಒಳಗೆ ಒಬ್ಬ ಮನುಷ್ಯ, ಒಂದು ಕ್ಯಾಮೆರಾ. ಚರ್ಮದ ರಂಧ್ರದಿಂದ ಇಣುಕುವ ಲೆನ್ಸು. ಅದರೊಳಗಿನ ಸೆಕೆಯಲ್ಲಿ ಬೆನ್ನು ಬಗ್ಗಿಸಿಕೊಂಡು ಅಲುಗಾಡದೆ ಕಾಯುವುದು ಸಾಮಾನ್ಯ ಸಾಧನೆಯಲ್ಲ. ಹುಸಿ ಕುರಿ, ಹುಸಿ ಮರದ ಬೊಡ್ಡೆಗಳೂ ಬಂದವು. ಕಡಿದಾದ ಬಂಡೆಗಳಲ್ಲಿ ಚೆರ್ರಿ ಹಗ್ಗ ಕಟ್ಟಿಕೊಂಡು ಇಳಿದರು. ಮುಂದೆ ಚೆರ್ರಿ ಆಫ್ರಿಕಾಕ್ಕೂ ಹೋಗಿ ಚಲನಚಿತ್ರ ತೆಗೆದರು.

ಪೊಳ್ಳು ಎತ್ತು ಬಂದ ಹೊತ್ತಿಗೇ, 1901ರಲ್ಲಿ, ಪಕ್ಷಿವೀಕ್ಷಕ ಎಡ್ಮಂಡ್ ಸೆಲೂಸ್ ಪಕ್ಷಿವೀಕ್ಷಣೆಯ ಬಗ್ಗೆ ಪುಸ್ತಕ ಬರೆದು, ಕೊಲ್ಲದೆ ನೋಡುವುದರಿಂದಲೇ ಹೆಚ್ಚು ತಿಳಿಯುತ್ತದೆಂದು ವಾದಿಸಿದರು. ವಾದಕ್ಕೆ ಗಟ್ಟಿ ಪುರಾವೆಯೊಂದು 1911ರಲ್ಲಿ ಸಿಕ್ಕಿತು. ಬ್ರಿಟನ್ನಿನಲ್ಲಿ ಮರಿ ಮಾಡುವುದನ್ನೇ ನಿಲ್ಲಿಸಿದ್ದ ಬಿಟರ್ನ್ ಎಂಬ ಜೊಂಡುಹಕ್ಕಿಯ ಮರಿಯನ್ನು ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಛಾಯಾಗ್ರಾಹಕಿ ಎಮ್ಮಾ ಟರ್ನರ್ ಕ್ಯಾಮೆರಾದಲ್ಲಿ ಸೆರೆಹಿಡಿದರು. ಹಕ್ಕಿ ಹಿಂದಿರುಗಿದೆ ಎಂದು ಸಾಬೀತುಪಡಿಸಲು ಯಾರೂ ಅದನ್ನು ಕೊಲ್ಲಬೇಕಾಗಲಿಲ್ಲ.

ಕರ್ನಾಟಕದಲ್ಲೂ ಈ ಪರಂಪರೆಗೆ ಬಲವಾದ ಕೊಂಡಿಗಳಿವೆ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇರೆಗೆ ಮೈಸೂರು ಸಂಸ್ಥಾನ 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವಾಗಿಸಿತು. ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್ ಅವರಿಂದ ವನ್ಯಜೀವಿ ಛಾಯಾಗ್ರಹಣ ಕಲಿತ ಟಿ.ಎನ್.ಎ. ಪೆರುಮಾಳ್, ಮುಂದೆ ತಾವೇ ಹಲವರಿಗೆ ಗುರುವಾದರು. ಮೂಡಿಗೆರೆಯ ಲೇಖಕ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆದು, ಅವುಗಳ ಬಗ್ಗೆ ಕನ್ನಡದಲ್ಲಿ ಬರೆದು, ಈ ಹವ್ಯಾಸವನ್ನು ಸಾಮಾನ್ಯ ಓದುಗರ ಮನೆಗೇ ತಂದರು.

ಉದ್ದನೆಯ ಟೆಲಿಫೋಟೊ ಲೆನ್ಸುಗಳೂ ಡಿಜಿಟಲ್ ಕ್ಯಾಮೆರಾಗಳೂ ಬಂದ ಮೇಲೆ ಗೂಡಿನ ಹತ್ತಿರ ಹೋಗುವ ಅನಿವಾರ್ಯತೆ ಕಳೆದಿದೆ. ಹೋಗಲೂಬಾರದು: ಜನ ಸುಳಿದಾಡಿದರೆ ತಾಯಿಹಕ್ಕಿ ಗೂಡು ತೊರೆಯಬಹುದು, ಸರಿಸಿದ ಎಲೆಗಳ ಸಂದಿಯಿಂದ ಕಾಗೆಗೆ ಮರಿ ಕಾಣಬಹುದು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಯ ಮೊಟ್ಟೆ, ಗೂಡುಗಳನ್ನು ಕದಡುವುದನ್ನೂ ಬೇಟೆಯ ಲೆಕ್ಕಕ್ಕೇ ಸೇರಿಸಿದೆ. ಹಲವು ಛಾಯಾಚಿತ್ರ ಸ್ಪರ್ಧೆಗಳು ಈಗ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ.