ಬಾವಿಯ ಮೋಟಾರು ಮತ್ತು ಪರದೇಶದ ಬಂಡವಳ

ರೈತ ಬಾಂಧವರು ನಮ್ಮನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದುಂಟು. ಕರೆಂಟು ತಯಾರಿಸಲು ಹೊರದೇಶದವರು ಹಣ ಹಾಕುತ್ತೇವೆಂದು ಬಂದರೆ ಅದು ನಮಗೆ ಹಿತವೋ ಅಹಿತವೋ? ಒಂದೇ ಮಾತಿನಲ್ಲಿ ಉತ್ತರ ಹೇಳುವಂತಿಲ್ಲ. ಆದರೆ ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರ ತಾಲೂಕುಗಳ ನಮ್ಮವರು ಉದಾಹರಣೆಗಾಗಿ ದೂರ ಹೋಗಬೇಕಾದ ಕಾರಣವಿಲ್ಲ. ನಾವು ಬಿಲ್ಲು ಕಟ್ಟುತ್ತಿದ್ದ ಮಹಾರಾಷ್ಟ್ರ ವಿದ್ಯುತ್ ಮಂಡಳಿಯೇ ಈ ಪರೀಕ್ಷೆಗೆ ಕೂತದ್ದುಂಟು.

ಹಗೇವಿನಲ್ಲಿ ಜೋಳವಿದ್ದ ಮನೆಗೆ ಬರಗಾಲದ ಹೆದರಿಕೆ ಕಡಿಮೆ. ದೇಶಕ್ಕೂ ಹಾಗೆಯೇ. ಕಲ್ಲಿದ್ದಲು, ಎಣ್ಣೆ, ಅನಿಲ, ವಿದ್ಯುತ್ತು ಇವು ಬೇಕಾದಾಗ, ಬೇಕಾದಷ್ಟು, ಜನರಿಗೆ ತಾಳುವ ದರದಲ್ಲಿ ದೊರೆಯುತ್ತಿದ್ದರೆ ಆ ದೇಶಕ್ಕೆ ಇಂಧನ ಭದ್ರತೆಯಿದೆ ಎನ್ನುತ್ತಾರೆ. ನಮ್ಮ ದೇಶವು ಬಳಸುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಆದ್ದರಿಂದ ಈ ಮಾತು ದಿಲ್ಲಿಯವರಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಇನ್ನು ದಾಭೋಳದ ವಿಷಯ. ರತ್ನಾಗಿರಿ ಜಿಲ್ಲೆಯ ಗುಹಾಗರ ತಾಲೂಕಿನಲ್ಲಿ, ಸಮುದ್ರದ ದಂಡೆಗೆ, ಅಮೇರಿಕೆಯ ಎನ್ರಾನ್ ಕಂಪನಿಯು ದೊಡ್ಡ ವಿದ್ಯುತ್ ಕೇಂದ್ರ ಕಟ್ಟಲು ಮುಂದೆ ಬಂದಿತು. 1992ರಲ್ಲಿ ಮೊದಲ ಮಾತುಕತೆಯ ಕಾಗದವಾಯಿತು. 1993ರ ಡಿಸೆಂಬರಿನಲ್ಲಿ ವಿದ್ಯುತ್ ಕೊಳ್ಳುವ ಕರಾರಿಗೆ ಮಂಡಳಿಯ ಸಹಿ ಬಿದ್ದಿತು. ಈ ಯೋಜನೆಗೆ ಸಾಲ ಕೊಡಲು ವಿಶ್ವ ಬ್ಯಾಂಕು ಅದೇ ವರ್ಷ ಒಪ್ಪಿರಲಿಲ್ಲ. 1995ರಲ್ಲಿ ರಾಜ್ಯದಲ್ಲಿ ಸರಕಾರ ಬದಲಾಗಿ ಕರಾರು ರದ್ದಾಯಿತು, ಮತ್ತೆ ಮಾತುಕತೆಯಾಗಿ ಜೀವ ಪಡೆಯಿತು. 1999ರ ಮೇ ತಿಂಗಳಲ್ಲಿ 740 ಮೆಗಾವಾಟಿನ ಮೊದಲ ಭಾಗ ಕರೆಂಟು ಕೊಡತೊಡಗಿತು.

ಕರಾರಿನ ಒಳಗುಟ್ಟನ್ನು ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಹೀಗೆ. ನೀವು ಒಬ್ಬ ಸಾಹುಕಾರನಿಂದ ಒಂದು ಜೋಡಿ ಎತ್ತನ್ನು ವರ್ಷದ ಬಾಡಿಗೆಗೆ ತರುತ್ತೀರಿ. ಎತ್ತು ಹೊಲಕ್ಕೆ ಇಳಿದರೂ ಬಾಡಿಗೆ ಕೊಡತಕ್ಕದ್ದು, ಕೊಟ್ಟಿಗೆಯಲ್ಲಿ ಮಲಗಿದರೂ ಕೊಡತಕ್ಕದ್ದು. ಮೇವಿನ ದರ ಎಷ್ಟೇ ಏರಲಿ, ಅದೂ ನಿಮ್ಮ ತಲೆಗೇ. ಮೇಲಾಗಿ ಬಾಡಿಗೆಯನ್ನು ಬಂಗಾರದ ದರಕ್ಕೆ ಕಟ್ಟಿ ಎಣಿಸತಕ್ಕದ್ದು! ಇಲ್ಲಿ ಬಂಗಾರವೆಂದರೆ ಡಾಲರು. 1993ರಲ್ಲಿ ಒಂದು ಡಾಲರಿಗೆ ಸುಮಾರು 31 ರೂಪಾಯಿ ಇತ್ತು. 2001ರ ಹೊತ್ತಿಗೆ ಅದು 46-47 ರೂಪಾಯಿಗೆ ಹೋಗಿತ್ತು. ಮೇವೆಂದರೆ ನ್ಯಾಫ್ತಾ ಎಂಬ ಎಣ್ಣೆ. ಜಗತ್ತಿನ ಪೇಟೆಯಲ್ಲಿ ಎಣ್ಣೆ ಏರಿದಂತೆ ಅದೂ ಏರಿತು. ದರ ಹೆಚ್ಚೆಂದು ಮಂಡಳಿಯು ಕಡಿಮೆ ಕರೆಂಟು ಕೊಂಡರೆ, ಕಟ್ಟಲೇಬೇಕಾದ ಬಾಡಿಗೆಯು ಕೊಂಡಷ್ಟರ ಮೇಲೆಯೇ ಬಿದ್ದು ಯೂನಿಟ್ಟಿನ ದರ ಇನ್ನೂ ಏರುತ್ತಿತ್ತು. 2000ರಲ್ಲಿ ಅದು ಯೂನಿಟ್ಟಿಗೆ 7 ರೂಪಾಯಿ ದಾಟಿದ್ದೂ ಉಂಟು. ಮಂಡಳಿಯ ಬಾಕಿ ನಿಂತಿತು. 2001ರ ಮೇ ಕೊನೆಗೆ ಕೇಂದ್ರವೇ ನಿಂತಿತು. ಅದೇ ವರ್ಷ ಡಿಸೆಂಬರಿನಲ್ಲಿ ಎನ್ರಾನ್ ಕಂಪನಿಯು ಅಮೇರಿಕೆಯಲ್ಲಿ ದಿವಾಳಿ ತೆಗೆಯಿತು.

ಮುಂದೆ 2005ರಲ್ಲಿ ಎನ್‌ಟಿಪಿಸಿ, ಗೇಲ್ ಮೊದಲಾದ ನಮ್ಮ ಸಂಸ್ಥೆಗಳು ಸೇರಿ ಅದನ್ನು ವಹಿಸಿಕೊಂಡವು. ಒಡೆತನ ನಮ್ಮದಾಯಿತು, ಆದರೂ ತೊಂದರೆ ತಪ್ಪಲಿಲ್ಲ. ಕೃಷ್ಣಾ-ಗೋದಾವರಿ ಕಡಲಿನ ಅನಿಲ ನಂಬಿ ಕೂತಿದ್ದರು. ಆ ಬಾವಿಗಳ ಅನಿಲವೇ ಇಳಿಯಿತು. ಹೀಗಾಗಿ ಪರದೇಶದ ಬಂಡವಳ ಎಂದ ಮಾತ್ರಕ್ಕೆ ಕೆಟ್ಟದ್ದು, ಸ್ವದೇಶದ್ದೆಂದ ಮಾತ್ರಕ್ಕೆ ಭದ್ರ ಎಂದು ಹೇಳಲು ನಾವು ಸಿದ್ಧರಿಲ್ಲ. ಕರಾರಿನಲ್ಲಿ ನಷ್ಟದ ಭಾರ ಯಾರ ಹೆಗಲಿಗೆ, ಇಂಧನ ಎಲ್ಲಿಂದ, ಲೆಕ್ಕ ಯಾವ ನಾಣ್ಯದಲ್ಲಿ, ಈ ಮೂರನ್ನು ನೋಡಬೇಕು. 1964ರಲ್ಲಿ ಬರೌನಿ, 1965ರಲ್ಲಿ ಕೊಯಲಿ ಎಣ್ಣೆ ಶುದ್ಧೀಕರಣ ಕೇಂದ್ರಗಳು ಸೋವಿಯತ್ ನೆರವಿನಿಂದಲೇ ಎದ್ದವು. ಆದರೆ ಒಡೆತನ ಇಲ್ಲಿಯದು. ಎಣ್ಣೆ ಅಸ್ಸಾಮ, ಗುಜರಾತದ್ದು. ಕೆಲಸ ಕಲಿತವರು ನಮ್ಮ ಹುಡುಗರು.

ಕೆಲಸ ಕಲಿಯುವ ಈ ಮಾತೇ ನಮ್ಮ ಎರಡನೆಯ ವಿಷಯ. ಒಂದು ನಾಡು ಎಷ್ಟು ಬಗೆಯ, ಎಷ್ಟು ಕಠಿಣವಾದ ವಸ್ತುಗಳನ್ನು ಮಾಡಬಲ್ಲದು ಎಂಬುದನ್ನು ಅಳೆಯುವ ಒಂದು ಲೆಕ್ಕವನ್ನು ಹೌಸ್‌ಮನ್, ಹಿಡಾಲ್ಗೊ ಎಂಬ ಪಂಡಿತರು ಇತ್ತೀಚೆ ಬಳಕೆಗೆ ತಂದಿದ್ದಾರೆ. ಆರ್ಥಿಕ ಸಂಕೀರ್ಣತೆ ಎಂದು ಅದಕ್ಕೆ ಹೆಸರು. ಹೆಸರು ದೊಡ್ಡದಾದರೂ ವಿಷಯ ನಮಗೆ ಹೊಸತಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಈಗಿನ ಸಾಂಗಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಬ್ಬಿಣದ ನೇಗಿಲಿನಿಂದ ಪಂಪಿಗೆ, ಪಂಪಿನಿಂದ ಮೋಟಾರಿಗೆ, ಎಂಜಿನ್ನಿಗೆ ಆ ಕಸಬು ಬೆಳೆಯಿತು. ಇಂದು ಜತ್ತದಲ್ಲಿ ಮೋಟಾರು ಸುಟ್ಟರೆ ಎರಡು ದಿನದಲ್ಲಿ ತಂತಿ ಸುತ್ತಿ ಕೊಡುವವನು ಇದ್ದಾನೆ. ಇಂಧನ ಭದ್ರತೆಯಲ್ಲಿ ಅವನ ಪಾಲೂ ಇದೆಯೆಂದು ನಾವು ತಿಳಿಯುತ್ತೇವೆ.

ಸೌರ ಫಲಕದ ಮಾತು ಬೇರೆ. ಬಿಸಿಲು ನಮ್ಮದು, ಆದರೆ ಫಲಕದೊಳಗಿನ ಬಿಲ್ಲೆ ಮಾಡುವ ಕಸಬು ಬಹುಮಟ್ಟಿಗೆ ಚೀನದ ಕೈಯಲ್ಲಿದೆ. ಮೂಲದ ಸಿಲಿಕಾನಿನಿಂದ ಫಲಕದವರೆಗೆ ಪ್ರತಿ ಹಂತದಲ್ಲಿಯೂ ಜಗತ್ತಿನ ನೂರಕ್ಕೆ 80 ಪಾಲು ಅವರದೆಂದು 2022ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಲೆಕ್ಕ ಹಾಕಿತ್ತು. ಹಾಗೆಂದು ಕಸಬು ಇದ್ದ ಮಾತ್ರಕ್ಕೆ ಭದ್ರತೆ ಬಂದೇ ಬರುತ್ತದೆಂದೂ ಅಲ್ಲ. ಯಂತ್ರವಿದ್ಯೆಯಲ್ಲಿ ಜರ್ಮನಿಗೆ ಸಮನಾದವರು ವಿರಳ. ಆದರೂ 2021ರಲ್ಲಿ ಅದು ತರಿಸುತ್ತಿದ್ದ ಅನಿಲದ ಅರ್ಧಕ್ಕಿಂತ ಹೆಚ್ಚು ಪಾಲು ರಶಿಯದ್ದೇ. 2022ರ ಯುದ್ಧದಲ್ಲಿ ಕೊಳವೆ ಬತ್ತಿದಾಗ ಬೆಲೆ ಗಗನಕ್ಕೇರಿತು. ಅದೇ ವರ್ಷದೊಳಗೆ ವಿಲ್ಹೆಲ್ಮ್ಸ್‌ಹಾಫನ್ನಿನಲ್ಲಿ ಹಡಗಿನ ಅನಿಲ ಇಳಿಸುವ ಬಂದರುಕಟ್ಟೆ ನಿಲ್ಲಿಸಿಕೊಂಡರೆಂಬುದೂ ನಿಜ. ಬೀಳದಂತೆ ಕಸಬು ತಡೆಯಲಿಲ್ಲ; ಬೇಗ ಏಳಿಸಿತು.

ಇನ್ನು ಸಂಸ್ಕೃತಿ, ಅಂದರೆ ನಮ್ಮ ರೂಢಿ. ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಭೂಮಿಗೆ ವಿಷ ಹಾಕುತ್ತದೆಂದು ರೈತರು ಮೊದಮೊದಲು ಮುಟ್ಟಲಿಲ್ಲವಂತೆ. ಆ ಕಾಲ ಹೋಯಿತು, ಈಗಿನ ರೂಢಿಗಳು ಬೇರೆ. ಮೊದಲು ಅಣ್ಣತಮ್ಮಂದಿರು ಒಂದೇ ಬಾವಿಗೆ ಪಾಳಿ ಹಚ್ಚಿ ನೀರು ಹಾಯಿಸುತ್ತಿದ್ದರು. ಈಗ ಹೊಲಕ್ಕೊಂದು ಕೊಳವೆಬಾವಿ. ಕರೆಂಟು ರಾತ್ರಿ ಬರುತ್ತದೆಂದು ತಾನಾಗಿ ಚಾಲು ಆಗುವ ಸ್ವಿಚ್ಚು ಹಚ್ಚಿ ಮಲಗುತ್ತೇವೆ. ಎಲ್ಲರ ಮೋಟಾರು ಒಮ್ಮೆಲೇ ಎದ್ದು ಟ್ರಾನ್ಸ್‌ಫಾರ್ಮರ್ ಸುಡುತ್ತದೆ; ಬೆಳಗಿಗೆ ನೀರು ಬದುವು ದಾಟಿರುತ್ತದೆ. 2024ರಿಂದ 7.5 ಅಶ್ವಶಕ್ತಿಯವರೆಗಿನ ಪಂಪಿಗೆ ರಾಜ್ಯ ಸರಕಾರ ಬಿಲ್ಲು ಮಾಫಿ ಮಾಡಿದೆ. ರೈತನಿಗೆ ಉಸಿರು ಬಂದಿತು, ಸಂತೋಷವೇ. ಆದರೆ ಬಿಲ್ಲಿಲ್ಲದ ಕರೆಂಟಿಗೂ ಎಲ್ಲೋ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ. ಅಡಿಗೆಮನೆಯಲ್ಲಿ ಮಾತ್ರ ನಮ್ಮ ತಾಯಂದಿರ ಜಾಣ್ಮೆ ದೊಡ್ಡದು. ಚಹಾ, ಪಲ್ಯ ಗ್ಯಾಸಿನ ಮೇಲೆ. ರೊಟ್ಟಿ ಕುಳ್ಳು ಕಟ್ಟಿಗೆಯ ಒಲೆಯ ಮೇಲೆ. ಹೊಗೆಯ ಕಷ್ಟ ಅವರಿಗಿದ್ದೇ ಇದೆ. ದೇಶದ ಅಡಿಗೆ ಗ್ಯಾಸಿನ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವಾಗ, ಎರಡು ದನವಿದ್ದ ಮನೆಯವರು ಗೋಬರ್ ಗ್ಯಾಸಿನ ಗುಂಡಿಯನ್ನು ಮತ್ತೆ ನೆನೆಯುವುದು ಒಳ್ಳೆಯದು.

ಸೌರ ಪಂಪಿಗೆ ಅರ್ಜಿ ಹಾಕುವವರಿಗೆ ಒಂದೆರಡು ಸೂಚನೆ. ರಾಜ್ಯದ ಯೋಜನೆಯಲ್ಲಿ ರೈತನ ಪಾಲು ಬೆಲೆಯ ನೂರಕ್ಕೆ 10, ಪರಿಶಿಷ್ಟ ಜಾತಿ-ಪಂಗಡದವರಿಗೆ 5. ದುರಸ್ತಿಯ ಹೊಣೆ ಐದು ವರ್ಷ ಪೂರೈಸಿದವರದು. ಪಂಪು ಕೂಡಿಸುವ ದಿನವೇ ಫಲಕ, ಕಂಟ್ರೋಲರುಗಳ ಮೇಲಿನ ಸಂಖ್ಯೆಯನ್ನು ಬರೆದಿಡಿರಿ. ದುರಸ್ತಿಯವನು ಯಾವ ಊರಲ್ಲಿದ್ದಾನೆಂದು ಕೇಳಿರಿ. ಕಾಗದಗಳು ಮರಾಠಿಯಲ್ಲಿರುತ್ತವೆ. ಸಾಲೆಯಲ್ಲಿ ನಮ್ಮ ಮಕ್ಕಳು ಮರಾಠಿಯನ್ನೂ ಓದುತ್ತಾರಷ್ಟೆ. ಅವರಿಂದ ಪೂರ್ತಿ ಓದಿಸಿ, ಅರ್ಥ ತಿಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿರಿ.