ಪೇಂಟ್ ಬಕೆಟ್‌ನಲ್ಲಿ ಎರೆಗೊಬ್ಬರ

ಎರೆಗೊಬ್ಬರಕ್ಕೆ ಸಾವಿರಾರು ರೂಪಾಯಿಯ ಡಬ್ಬ ಬೇಕಿಲ್ಲ. ಗುಜರಿ ಅಂಗಡಿಯ 20 ಲೀಟರ್ ಪೇಂಟ್ ಬಕೆಟ್ ಸಾಕು. ಚೆನ್ನಾಗಿ ತೊಳೆದು, ತಳಕ್ಕೂ ಮೇಲಂಚಿನ ಸುತ್ತಲೂ ಕಾದ ಮೊಳೆಯಿಂದ ತೂತು ಹಾಕಿ. ಅಡಿಗೊಂದು ತಟ್ಟೆ.

ಒಳಗೆ ನೆನೆಸಿದ ತೆಂಗಿನ ನಾರಿನ ಪುಡಿ, ಹರಿದ ನ್ಯೂಸ್‌ಪೇಪರ್, ಹಳೇ ಸಗಣಿ. ಹಸಿ ಸಗಣಿ ಬೇಡವೇ ಬೇಡ, ಅದರ ಕಾವಿಗೆ ಹುಳು ಸಾಯುತ್ತವೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಒಂದೆರಡು ಹನಿ ಬಂದರೆ ಹದ ಸರಿ. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ಪೇಪರ್ ಸೇರಿಸಿ.

ದುಡ್ಡು ಹಾಕಬೇಕಾದ್ದು ಹುಳುವಿಗೆ. ತೋಟ ಅಗೆದಾಗ ಸಿಗುವ ಎರೆಹುಳು ಸಾಮಾನ್ಯವಾಗಿ ಮಣ್ಣಿನಾಳದವು, ಬಕೆಟ್‌ಗೆ ಒಗ್ಗೋದಿಲ್ಲ. ಐಸೀನಿಯಾ ಫೆಟಿಡಾ ಅಥವಾ ಯೂಡ್ರಿಲಸ್ ಅಂತ ಕೇಳಿ. ಎರೆಗೊಬ್ಬರ ಮಾಡುವ ರೈತರ ಹತ್ತಿರ, ಇಲ್ಲವೇ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕಾಲು ಕೆಜಿ ಧಾರಾಳವಾಯ್ತು; ಜಾಗ, ಮೇವು ಇದ್ದರೆ ತಾವೇ ಹೆಚ್ಚುತ್ತವೆ.

ಹುಳು ಬಿಟ್ಟ ಮೊದಲ ವಾರ ಒಂದು ಹಿಡಿ ತರಕಾರಿ ಸಿಪ್ಪೆ, ಅಷ್ಟೇ. ನಿಂಬೆ, ಈರುಳ್ಳಿ, ಉಳಿದ ಸಾರನ್ನ ಹಾಕಬೇಡಿ. ಮೊದಲಿನದು ಕರಗುವ ಮುಂಚೆ ಮತ್ತೆ ಸುರಿದರೆ ನಾತ ಗ್ಯಾರಂಟಿ!

ಮೇಲೊಂದು ಒದ್ದೆ ಗೋಣಿಚೀಲ ಮುಚ್ಚಿ ನೆರಳಲ್ಲಿಡಿ. ಎರಡು ಮೂರು ತಿಂಗಳಿಗೆ ಚಹಾಪುಡಿಯಂಥ ಗೊಬ್ಬರ ಕೈಗೆ ಸಿಗುತ್ತದೆ.