ನಾಯಿಮರಿಗೆ ಶೌಚಶಿಕ್ಷಣ

ಮಕ್ಕಳ ಹಟಕ್ಕೆ ಮಣಿದು ಬೀದಿಯ ನಾಯಿಮರಿಯೊಂದನ್ನು ಮನೆಗೆ ತರುವುದು ಸುಲಭ. ನಡುಮನೆಯ ನೆಲವು ನಾಲ್ಕು ದಿನ ಒದ್ದೆಯಾದೊಡನೆ ಅದನ್ನು ಮರಳಿ ಬೀದಿಗೆ ಅಟ್ಟುವುದು ಇನ್ನೂ ಸುಲಭ. ಮನೆಯ ಅನ್ನಕ್ಕೆ ಒಗ್ಗಿದ ಮರಿಯು ಬೀದಿಯಲ್ಲಿ ಬದುಕುವುದಾದರೋ ಬಹಳ ಕಷ್ಟ. ಹಸಿವು ನೀರಡಿಕೆಗಳಿಗೆ ಈಡಾಗುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ನೆಯ ಇಸವಿಯ ಪ್ರಾಣಿಹಿಂಸಾ ನಿವಾರಣ ಶಾಸನದ ಮೇರೆಗೆ ಅಪರಾಧವೂ ಆಗಿದೆ. ಶೌಚದ ಶಿಸ್ತನ್ನು ಕಲಿತ ಮರಿಗೆ ಮನೆಯಲ್ಲಿ ನೆಲೆ ನಿಲ್ಲುವುದು. ಆದುದರಿಂದ ಅದನ್ನು ಕಲಿಸುವ ಬಗೆಯನ್ನು ಗೃಹಸ್ಥರ ಮುಂದಿಡುತ್ತೇವೆ.

ಮೊದಲು ಮರಿಯ ಶಕ್ತಿಯನ್ನರಿಯಬೇಕು. 2 ತಿಂಗಳ ಮರಿಯು ಸುಮಾರು 2 ಗಂಟೆ, 3 ತಿಂಗಳದು ಸುಮಾರು 3 ಗಂಟೆ ಮೂತ್ರವನ್ನು ತಡೆಯಬಲ್ಲದೆಂಬುದು ಸ್ಥೂಲವಾದ ಲೆಕ್ಕ. ಆಟದ ಭರದಲ್ಲಿ ಅಷ್ಟೂ ಸಾಧ್ಯವಿಲ್ಲ. ನಿದ್ರೆಯಿಂದೆದ್ದ ಕೂಡಲೆ, ಉಂಡ ಅರ್ಧ ಗಂಟೆಯೊಳಗೆ, ಆಟ ಮುಗಿದೊಡನೆ, ರಾತ್ರಿ ಮಲಗುವ ಮುನ್ನ ಅದನ್ನು ತಪ್ಪದೆ ಹೊರಗೆ ಕರೆದೊಯ್ಯಬೇಕು. ನಡುರಾತ್ರಿಯಲ್ಲಿಯೂ ಒಮ್ಮೆ ಏಳಬೇಕಾದೀತು. ಹೊಟ್ಟೆಗೆ ಆಹಾರ ಬಿದ್ದೊಡನೆ ಕರುಳು ಚಲಿಸತೊಡಗುವುದು ದೇಹಧರ್ಮ. ಊಟವು ಹೊತ್ತಿಗೆ ಸರಿಯಾಗಿದ್ದರೆ ವಿಸರ್ಜನೆಯೂ ಹೊತ್ತಿಗೆ ಬರುವುದು. ನೆಲವನ್ನು ಮೂಸುತ್ತ ಸುತ್ತು ಹಾಕಿದರೆ ಸಮಯ ಬಂದಿತೆಂದು ತಿಳಿಯಬೇಕು.

ಪ್ರತಿಸಲವೂ ಹಿತ್ತಿಲಿನ ಒಂದೇ ಮೂಲೆಗೆ ಕರೆದೊಯ್ಯುವುದು ಲೇಸು. ಅಲ್ಲಿನ ವಾಸನೆಯೇ ಮರಿಗೆ ಜ್ಞಾಪಕ ಕೊಡುತ್ತದೆ. ಚುಚ್ಚುಮದ್ದುಗಳು ಪೂರ್ತಿಯಾಗುವವರೆಗೆ ಪರನಾಯಿಗಳು ಸುಳಿಯುವ ಬೀದಿಗೆ ಬಿಡಲಾಗದು. ಪಾರ್ವೊ ರೋಗವು ಮಲದ ಮೂಲಕ ಹರಡಿ ಎಳೆಯ ಮರಿಗಳ ಪ್ರಾಣ ತೆಗೆಯುತ್ತದೆ. ಹಿತ್ತಿಲಿಲ್ಲದವರು ಬಚ್ಚಲಿನ ಬಳಿ ಹಳೆಯ ವೃತ್ತಪತ್ರಿಕೆಯನ್ನು ಹಾಸಬಹುದು. ಕೆಲಸ ಮುಗಿದ ಕ್ಷಣವೇ, ಅಲ್ಲಿಯೇ, ಒಂದು ತುಣುಕು ತಿಂಡಿಯನ್ನೂ ಮೆಚ್ಚಿಕೆಯ ಮಾತನ್ನೂ ಕೊಡಬೇಕು. ಒಳಗೆ ಬಂದಮೇಲೆ ಕೊಟ್ಟರೆ ಒಳಗೆ ಬಂದುದಕ್ಕೆ ಬಹುಮಾನವೆಂದು ಅದು ಭಾವಿಸುವುದು.

ಮೂತ್ರದಲ್ಲಿ ಮೂಗನ್ನು ಉಜ್ಜಿ ಹೊಡೆಯುವ ಪದ್ಧತಿಯನ್ನು ನಾವು ಸರ್ವಥಾ ಒಪ್ಪೆವು. ಆಗಿಹೋದ ಕೆಲಸಕ್ಕೂ ಈಗ ಬಿದ್ದ ಏಟಿಗೂ ಇರುವ ಸಂಬಂಧ ಮರಿಗೆ ತಿಳಿಯದು. ಯಜಮಾನನ ಕಣ್ಣೆದುರು ಮೂತ್ರಮಾಡಬಾರದೆಂಬ ಪಾಠವನ್ನು ಮಾತ್ರ ಅದು ಕಲಿತು, ಮಂಚದ ಕೆಳಗೆ ಮರೆ ಹುಡುಕುತ್ತದೆ. ಕೊಳೆಯಾದ ಸ್ಥಳವನ್ನು ಅಮೋನಿಯಾ ಬೆರೆತ ದ್ರವದಿಂದ ತೊಳೆಯಬಾರದು. ಅದರ ವಾಸನೆ ಮೂತ್ರವನ್ನೇ ಹೋಲುತ್ತದೆ. ಸಾಕುಪ್ರಾಣಿಗಳ ಮನೆಗೆಂದೇ ದೊರೆಯುವ ಕಿಣ್ವದ ದ್ರವವು ಉತ್ತಮ.

ಬೆಳೆದ ನಾಯಿಯನ್ನು ತಂದವರೂ ಮೊದಲ ಕೆಲವು ವಾರ ಅದನ್ನು ಮರಿಯೆಂದೇ ಎಣಿಸಿ ಇದೇ ಕ್ರಮವನ್ನು ನಡೆಸಬೇಕು. ಕಲಿತ ನಾಯಿಯು ಹಠಾತ್ತನೆ ತಪ್ಪತೊಡಗಿದರೆ ಮೂತ್ರಕೋಶದ ರೋಗವಿರಬಹುದು. ಬೆತ್ತವನ್ನು ಬದಿಗಿಟ್ಟು ಪಶುವೈದ್ಯರಲ್ಲಿಗೆ ಹೋಗಬೇಕು. ಅನೇಕ ಮರಿಗಳು ಆರು ತಿಂಗಳೊಳಗೆ ಕಲಿಯುತ್ತವೆ, ಕೆಲವಕ್ಕೆ ವರ್ಷವೂ ಹಿಡಿದೀತು. ಅಷ್ಟು ದಿನ ನೆಲವೊರಸುವ ಬಟ್ಟೆಯನ್ನು ಕೈಗೆಟಕುವಲ್ಲಿಟ್ಟು, ಕೋಪವನ್ನು ದೂರವಿಟ್ಟವರ ಮನೆಯನ್ನು ಆ ಜೀವವು ಮುಂದೆ ಹತ್ತು ಹನ್ನೆರಡು ವರ್ಷ ಕಾದೀತು.